ಸ್ಟಾರ್ಟರ್ ಮೋಟಾರನ್ನು ಬಿಚ್ಚುವ ಮೊದಲು ಅಳೆದು ನೋಡುವ ಕ್ರಮ

ಕೀ ತಿರುಗಿಸಿದಾಗ ಎಂಜಿನ್ ತಿರುಗದಿದ್ದರೆ ಎಲ್ಲರ ಅನುಮಾನವೂ ಮೊದಲು ಹೋಗುವುದು ಸ್ಟಾರ್ಟರ್ ಮೋಟಾರಿನ ಮೇಲೆ, ಅಂದರೆ ಮೆಕ್ಯಾನಿಕ್‌ಗಳು ‘ಸೆಲ್ಫ್’ ಎಂದು ಕರೆಯುವ ಭಾಗದ ಮೇಲೆ. ಆದರೆ ಅದೇ ಲಕ್ಷಣಗಳು ದುರ್ಬಲ ಬ್ಯಾಟರಿಯಿಂದಲೂ, ತುಕ್ಕು ಹಿಡಿದ ಅರ್ತ್ (ಬ್ಯಾಟರಿಯ ನೆಗೆಟಿವ್ ಕಡೆಯ) ಕೇಬಲ್‌ನಿಂದಲೂ ಬರುತ್ತವೆಯಾದ್ದರಿಂದ, ಅಳತೆ ಮಾಡದೆ ಮೋಟಾರನ್ನು ಕೆಳಗಿಳಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕೆಲಸಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಕೆಲಸ ಆರಂಭಿಸುವ ಮುನ್ನ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳು ಉರುಳದಂತೆ ಅಡ್ಡವಾಗಿ ತಡೆ ಇಡಬೇಕು.

ಮೊದಲು ಕಿವಿಗೊಟ್ಟು ಕೇಳಿರಿ. ಟಕಟಕನೆ ಬಿಡದೆ ಸದ್ದು ಬಂದರೆ ಬ್ಯಾಟರಿಯ ಶಕ್ತಿ ಸಾಲದಿರುವ ಸಂಭವ ಹೆಚ್ಚು. ‘ಟಕ್’ ಎಂದು ಒಂದೇ ಸಲ ಸದ್ದಾಗಿ ನಿಂತರೆ ಸೊಲೆನಾಯ್ಡ್‌ನ, ಅಂದರೆ ಮೋಟಾರಿಗೆ ಕರೆಂಟ್ ಹಾಯಿಸುವ ವಿದ್ಯುತ್ಕಾಂತ ಸ್ವಿಚ್ಚಿನ, ಒಳಗಿನ ತಾಮ್ರದ ಸಂಪರ್ಕಗಳು ಸುಟ್ಟಿರಬಹುದು, ಇಲ್ಲವೇ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು. ಯಾವ ಸದ್ದೂ ಇಲ್ಲದಿದ್ದರೆ ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್‌ಗಳ ಕಡೆ ಗಮನ ಕೊಡಬೇಕು. ಮೋಟಾರು ‘ಗುಂಯ್’ ಎಂದು ತಿರುಗುತ್ತಿದ್ದರೂ ಎಂಜಿನ್ ಅಲುಗದಿದ್ದರೆ ಪಿನಿಯನ್ನಿನ, ಅಂದರೆ ಮೋಟಾರಿನ ತುದಿಯ ಸಣ್ಣ ಹಲ್ಲುಚಕ್ರದ, ಒಂದೇ ದಿಕ್ಕಿಗೆ ಬಿಗಿಯುವ ಕ್ಲಚ್ ಜಾರುತ್ತಿದೆ ಎಂದು ತಿಳಿಯಬಹುದು. ಕರಕರ ಸದ್ದು ಬರುವುದು ಪಿನಿಯನ್ ಅಥವಾ ಅದು ತಿರುಗಿಸುವ ಎಂಜಿನ್ನಿನ ದೊಡ್ಡ ಚಕ್ರದ (ಫ್ಲೈವೀಲ್‌ನ) ರಿಂಗ್ ಗೇರ್ ಹಲ್ಲುಗಳು ಸವೆದಾಗ, ಇಲ್ಲವೇ ಮೋಟಾರಿನ ಬೋಲ್ಟ್‌ಗಳು ಸಡಿಲವಾದಾಗ.

ವಾಹನ ಕೆಲವು ಗಂಟೆ ನಿಂತಿದ್ದ ಮೇಲೆ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 12 ವೋಲ್ಟ್ ವ್ಯವಸ್ಥೆಯಲ್ಲಿ ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಅರ್ಧದಷ್ಟೇ ಚಾರ್ಜ್ ಉಳಿದಿದೆ ಎಂದರ್ಥ, ಆಗ ಮೊದಲು ಚಾರ್ಜ್ ಮಾಡಬೇಕು. ನಂತರ ಎಂಜಿನ್ ಚಾಲೂ ಆಗದಂತೆ ಇಂಧನ ಪಂಪಿನ ಫ್ಯೂಸ್ ತೆಗೆದು, ಬೇರೊಬ್ಬರಿಂದ ಕೀ ತಿರುಗಿಸಿಸಿ, ಮೋಟಾರು ತಿರುಗುವಾಗ ಮತ್ತೆ ಅಳೆಯಿರಿ. ಆಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟಾರು ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಒಂದೆರಡು ನಿಮಿಷ ಮೋಟಾರು ತಣಿಯಲು ಬಿಡಬೇಕು.

ಇನ್ನು ಮುಂದಿನದು ಬಹಳ ಮಂದಿ ಬಿಟ್ಟುಬಿಡುವ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಕಾರಿನ ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. 150 ಆಂಪಿಯರ್ ಹರಿಯುವಾಗ ಕೇಬಲ್‌ನ ತುದಿಯಲ್ಲಿ ಕೇವಲ 0.01 ಓಮ್ ಪ್ರತಿರೋಧವಿದ್ದರೂ ಅಲ್ಲಿಯೇ 1.5 ವೋಲ್ಟ್ ನಷ್ಟವಾಗುತ್ತದೆ. ಇಷ್ಟು ಸಣ್ಣ ಪ್ರತಿರೋಧವನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ಸರಿಯಾಗಿ ತೋರಿಸಲಾರದು. ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜ್ ನಷ್ಟವನ್ನೇ ಅಳೆಯಬೇಕಾಗುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೂ, ಇನ್ನೊಂದನ್ನು ಸೊಲೆನಾಯ್ಡ್‌ಗೆ ದಪ್ಪ ಕೇಬಲ್ ಬಂದು ಸೇರುವ ಬೋಲ್ಟಿನ ಮೇಲೂ ಇಟ್ಟು ಮೋಟಾರು ತಿರುಗಿಸಿದಾಗ 0.5 ವೋಲ್ಟಿಗಿಂತ ಹೆಚ್ಚು ಬರಬಾರದು. ಅದೇ ರೀತಿ ನೆಗೆಟಿವ್ ಕಂಬಕ್ಕೂ ಮೋಟಾರಿನ ಹೊರಮೈಗೂ ನಡುವೆ 0.3 ವೋಲ್ಟ್ ಮೀರಬಾರದು. ಮೀರಿದ್ದರೆ ಕೇಬಲ್‌ನ ತುದಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿದರೆ ಎಷ್ಟೋ ಸಲ ದೋಷ ಅಲ್ಲಿಗೇ ಪರಿಹಾರವಾಗುತ್ತದೆ.

ಕೇಬಲ್‌ಗಳು ಸರಿಯಿದ್ದರೆ, ಕೀ ತಿರುಗಿಸಿದಾಗ ಸೊಲೆನಾಯ್ಡ್‌ನ ಸಣ್ಣ ತಂತಿಗೆ, ಅಂದರೆ 50 ಎಂಬ ಗುರುತಿರುವ ತುದಿಗೆ, ಬ್ಯಾಟರಿಯ ವೋಲ್ಟೇಜಿನಷ್ಟು ಬರುತ್ತಿದೆಯೇ ಎಂದು ನೋಡಿರಿ. ಬಾರದಿದ್ದರೆ ದೋಷ ಮೋಟಾರಿನ ಹೊರಗಿದೆ. ಅಲ್ಲಿ ವೋಲ್ಟೇಜ್ ಬಂದು, ಸೊಲೆನಾಯ್ಡ್ ‘ಟಕ್’ ಎಂದರೂ ಮೋಟಾರಿಗೆ ಹೋಗುವ ಬೋಲ್ಟಿನಲ್ಲಿ ವೋಲ್ಟೇಜ್ ಇಲ್ಲದಿದ್ದರೆ ಸೊಲೆನಾಯ್ಡ್‌ನ ಸಂಪರ್ಕಗಳು ಸುಟ್ಟಿವೆ. ಅಲ್ಲಿಯೂ ವೋಲ್ಟೇಜ್ ಇದ್ದು ಮೋಟಾರು ತಿರುಗದಿದ್ದಾಗ ಮಾತ್ರ ಅದನ್ನು ಬಿಚ್ಚುವುದು ನ್ಯಾಯ. ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಬ್ರಷ್‌ಗಳು ಸವೆದಿವೆ ಎಂದು ಊಹಿಸಬಹುದು. ಆದರೆ ಶಾಶ್ವತ ಅಯಸ್ಕಾಂತವಿರುವ ಮೋಟಾರುಗಳಲ್ಲಿ ಜೋರಾಗಿ ಹೊಡೆದರೆ ಅಯಸ್ಕಾಂತವೇ ಬಿರುಕು ಬಿಡುತ್ತದೆ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಕೇಬಲನ್ನು ಮೊದಲು ತೆಗೆಯಲೇಬೇಕು. ಮೋಟಾರಿನ ದಪ್ಪ ಕೇಬಲ್‌ಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲವಾದ್ದರಿಂದ ಸ್ಪ್ಯಾನರ್ ವಾಹನದ ಲೋಹದ ಮೈಗೆ ತಗುಲಿದರೆ ಭಾರೀ ಕಿಡಿ ಹಾರುತ್ತದೆ. ಹೊರತೆಗೆದ ಮೇಲೆ ಬ್ರಷ್‌ಗಳ ಉದ್ದವನ್ನು ತಯಾರಕರ ಕೈಪಿಡಿಯ ಕನಿಷ್ಠ ಅಳತೆಯೊಂದಿಗೆ ಹೋಲಿಸಿ, ಕಡಿಮೆಯಿದ್ದರೆ ಎಲ್ಲ ಬ್ರಷ್‌ಗಳನ್ನೂ ಒಟ್ಟಿಗೆ ಬದಲಿಸಿರಿ. ಕಮ್ಯುಟೇಟರ್, ಅಂದರೆ ಬ್ರಷ್‌ಗಳು ಉಜ್ಜುವ ತಾಮ್ರದ ಭಾಗ, ಕಪ್ಪಾಗಿದ್ದರೆ ನಯವಾದ ಮರಳುಕಾಗದದಿಂದ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳಿಂದ ಪುಡಿಯನ್ನು ತೆಗೆಯಿರಿ. ಕಮ್ಯುಟೇಟರಿಗೂ ಆರ್ಮೇಚರಿನ (ಮೋಟಾರಿನೊಳಗೆ ತಿರುಗುವ ಭಾಗದ) ದಂಡಕ್ಕೂ ನಡುವೆ ಮೀಟರ್ ಸಂಪರ್ಕ ತೋರಿಸಿದರೆ ಒಳಗಿನ ಸುರುಳಿ ಕೆಟ್ಟಿದೆ, ಆಗ ಆರ್ಮೇಚರನ್ನೇ ಬದಲಿಸಬೇಕು. ದಂಡವನ್ನು ಹಿಡಿದಿರುವ ಬುಷ್‌ಗಳು ಸವೆದು ಅದು ಅಲ್ಲಾಡುತ್ತಿದ್ದರೆ ಆರ್ಮೇಚರ್ ಸುತ್ತಲಿನ ಧ್ರುವಗಳಿಗೆ ಉಜ್ಜಿ ನಿಧಾನವಾಗಿ ತಿರುಗುತ್ತದೆ, ಅವನ್ನೂ ಬದಲಿಸಿರಿ. ಪಿನಿಯನ್ ಒಂದು ದಿಕ್ಕಿಗೆ ಸಲೀಸಾಗಿ ತಿರುಗಿ, ಇನ್ನೊಂದು ದಿಕ್ಕಿಗೆ ಬಿಗಿಯಬೇಕು. ಆ ಕ್ಲಚ್ಚನ್ನು ಪೆಟ್ರೋಲ್ ಅಥವಾ ದ್ರಾವಕದಲ್ಲಿ ಮುಳುಗಿಸಿ ತೊಳೆದರೆ ಒಳಗಿನ ಗ್ರೀಸ್ ಕರಗಿಹೋಗುತ್ತದೆಯಾದ್ದರಿಂದ ಬಟ್ಟೆಯಿಂದ ಒರೆಸಿದರೆ ಸಾಕು.

ಜೋಡಿಸಿದ ಮೋಟಾರನ್ನು ವಾಹನಕ್ಕೆ ಕೂರಿಸುವ ಮುನ್ನ ವೈಸ್‌ನಲ್ಲಿ ಬಿಗಿಯಾಗಿ ಹಿಡಿದು ಬ್ಯಾಟರಿಗೆ ಸೇರಿಸಿ ನೋಡಿರಿ. ಬಿಗಿಯದೆ ಬಿಟ್ಟರೆ ಅದು ಜೋರಾಗಿ ಎಗರುತ್ತದೆ. ಪಿನಿಯನ್ ಮುಂದಕ್ಕೆ ಚಿಮ್ಮಿ ಒಂದೇ ಸಮನೆ ತಿರುಗಬೇಕು. ಹೊರೆಯಿಲ್ಲದೆ ಹೆಚ್ಚು ಹೊತ್ತು ತಿರುಗಿದರೆ ವೇಗ ಮಿತಿಮೀರುವುದರಿಂದ ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸಿರಿ. ಕೂರಿಸುವಾಗ ಮೋಟಾರಿನ ಹೊರಮೈ ಎಂಜಿನ್ನಿಗೆ ತಾಗುವ ಜಾಗವನ್ನು ಉಜ್ಜಿ ಶುಚಿಗೊಳಿಸಿರಿ, ಏಕೆಂದರೆ ಬಹುಪಾಲು ವಾಹನಗಳಲ್ಲಿ ಅದರ ಅರ್ತ್ ಆ ಜಾಗದ ಮೂಲಕವೇ ಹರಿಯುತ್ತದೆ. ನೆಗೆಟಿವ್ ಕೇಬಲನ್ನು ಕೊನೆಯಲ್ಲಿ ಸೇರಿಸಿ, ಆ ಎರಡು ವೋಲ್ಟೇಜ್ ನಷ್ಟಗಳನ್ನು ಮತ್ತೊಮ್ಮೆ ಅಳೆದ ನಂತರ ಇಂಧನ ಪಂಪಿನ ಫ್ಯೂಸನ್ನು ಮರಳಿ ಹಾಕಿರಿ.