ಮುಂದೆ ಗೊತ್ತೇ ಇದೆ

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಎಂಬ ಮಾತು ಬೇರೆ ಊರುಗಳದ್ದು. ದಾವಣಗೆರೆಯಲ್ಲಿ ಅದು ಸಂಕ್ರಾಂತಿಯ ಎಳ್ಳುಬೆಲ್ಲ ತಿಂದ ಮರುದಿನವೇ ಗಂಟುಮೂಟೆ ಕಟ್ಟುತ್ತದೆ. ಇಂಥ ಊರಿನಲ್ಲಿ ಕುಳಿತು ನಾನು ಹನ್ನೊಂದು ವರ್ಷಗಳಿಂದ ಮನೆಯವರಿಗೆಲ್ಲ ಸ್ವೆಟರ್, ಕುಲಾವಿ, ಕಾಲುಚೀಲ ಹೆಣೆಯುತ್ತಿದ್ದೇನೆ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಹಿಡಿದ ಹವ್ಯಾಸ ಎಂದು ಮನೆಯಲ್ಲಿ ಹೇಳುತ್ತಾರೆ. ನನಗಂತೂ ಇದು ಲೆಜರ್ ಬರೆದು ಅಭ್ಯಾಸವಾದ ಕೈಗೆ ಸಿಕ್ಕ ಇನ್ನೊಂದು ಲೆಜರ್.

ಎಲ್ಲ ಶುರುವಾದದ್ದು ಒಂದು ಟ್ರಂಕಿನಿಂದ. ಸೋದರತ್ತೆ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು; ಚಿನ್ನ ಬೇರೆಯವರ ಪಾಲಿಗೆ ಹೋಯಿತು. ಒಳಗೆ ಹಳದಿಗಟ್ಟಿದ ನಾಲ್ಕೈದು ಇಂಗ್ಲಿಷ್ ಹೆಣಿಗೆ ಪುಸ್ತಿಕೆಗಳಿದ್ದವು. ಬೆಲೆ ಪೆನ್ಸ್ ಲೆಕ್ಕದಲ್ಲಿದೆ, ತೂಕ ಔನ್ಸಿನಲ್ಲಿದೆ, ಮುಖಪುಟದಲ್ಲಿ ಬಾಯಿಗೆ ಪೈಪು ಕಚ್ಚಿಕೊಂಡ ಗಂಡಸೊಬ್ಬ ದೂರದಲ್ಲಿ ಏನನ್ನೋ ನೋಡುತ್ತಿದ್ದಾನೆ. ಅವುಗಳ ಕೆಳಗೆ ಅತ್ತೆಯ ಕೈಬರಹದ ಒಂದು ನೋಟ್‌ಬುಕ್. ಸೀದಾ ಹೆಣಿಗೆಗೆ ‘ಸೀ’, ಉಲ್ಟಾ ಹೆಣಿಗೆಗೆ ‘ಉ’, ಎರಡು ಕುಣಿಕೆ ಸೇರಿಸಿ ಒಂದು ಮಾಡುವುದಕ್ಕೆ ‘ಜೋ’ ಎಂದು ಅವರೇ ಕಟ್ಟಿಕೊಂಡ ಗುರುತುಗಳು. ‘ಸೀ 2, ಉ 2, ಕೊನೆವರೆಗೆ’ ಎಂದು ಶಾಯಿಯಲ್ಲಿ ಬರೆದ ಸಾಲನ್ನು ಓದಿದರೆ ಪುಟ್ಟ ಮಗುವಿಗೆ ಮಗ್ಗಿ ಹೇಳಿಕೊಟ್ಟ ಹಾಗಿರುತ್ತದೆ. ತಳದಲ್ಲಿ ಒಂದು ಕಟ್ಟು ಕಡ್ಡಿಗಳು. ಅವುಗಳಲ್ಲಿ ನಾಲ್ಕು ಸೈಕಲ್ ಚಕ್ರದ ಕಡ್ಡಿಗಳು, ತುದಿಯನ್ನು ಕಲ್ಲಿಗೆ ಉಜ್ಜಿ ನಯ ಮಾಡಿದವು. ಉಳಿದವು ಅಂಗಡಿಯವೇ, ಆದರೆ ತಲೆಯ ಮೇಲಿನ ನಂಬರು ಸವೆದುಹೋಗಿತ್ತು.

ನಂಬರು ತಿಳಿಯದೆ ಹೆಣೆಯುವಂತಿಲ್ಲ. ಹಳೆಯ ಪುಸ್ತಿಕೆ 12ನೆಯ ನಂಬರಿನ ಕಡ್ಡಿ ಎನ್ನುತ್ತದೆ. ಇಂದಿನ ಕಡ್ಡಿಯ ಮೇಲೆ 2.75 ಮಿಲಿಮೀಟರ್ ಎಂದಿರುತ್ತದೆ. ಎರಡೂ ಒಂದೇ. 10ನೆಯ ನಂಬರು ಎಂದರೆ 3.25 ಮಿಲಿಮೀಟರ್, 8 ಎಂದರೆ 4. ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದವರದ್ದು ಇದಕ್ಕೆ ತಿರುಗಾ. ಅವರ 10 ಎಂದರೆ 6 ಮಿಲಿಮೀಟರಿನ ದಪ್ಪ ಕೋಲು. ಈ ಉಲ್ಟಾ ಲೆಕ್ಕ ಹಲವರಿಗೆ ತಲೆ ಕೆಡಿಸುತ್ತದೆ, ನನಗೆ ಕೆಡಿಸಲಿಲ್ಲ. ನಾನು ಹತ್ತಿ ಗಿರಣಿಯ ಕಾರ್ಮಿಕನ ಮಗಳು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರಿಗೆ ಹೆಸರಿದ್ದ ಕಾಲದಲ್ಲಿ ಅಪ್ಪ ನೂಲಿನ ವಿಭಾಗದಲ್ಲಿದ್ದರು. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಆ ನೂಲಿನ ನಂಬರು ಎಂದು ಊಟಕ್ಕೆ ಕುಳಿತಾಗ ಹೇಳುತ್ತಿದ್ದರು. ಇಪ್ಪತ್ತರ ನೂಲಿಗಿಂತ ನಲವತ್ತರ ನೂಲು ಸಣ್ಣ. ಸಂಖ್ಯೆ ದೊಡ್ಡದಾದಷ್ಟೂ ಎಳೆ ತೆಳು ಎನ್ನುವುದು ನಮ್ಮ ಮನೆಯಲ್ಲಿ ಅನ್ನ ಸಾರಿನಷ್ಟೇ ಸಹಜವಾದ ವಿಷಯವಾಗಿತ್ತು.

ಅತ್ತೆಯ ಕಡ್ಡಿಗಳನ್ನು ಅಳೆಯುವ ಉಪಾಯ ಹೊಳೆದದ್ದು ನೀರಿನ ಮೋಟರ್ ಸುಟ್ಟುಹೋದ ದಿನ. ರಿವೈಂಡಿಂಗ್ ಅಂಗಡಿಯವನು ತಾಮ್ರದ ತಂತಿಯನ್ನು ಒಂದು ದುಂಡು ತಗಡಿನ ಅಂಚಿನ ಸೀಳುಗಳಲ್ಲಿ ತೂರಿಸಿ ಗೇಜ್ ಹೇಳುತ್ತಿದ್ದ. ಹಳೆಯ ಬ್ರಿಟಿಷ್ ಹೆಣಿಗೆ ಕಡ್ಡಿಗಳ ನಂಬರು ಮೂಲದಲ್ಲಿ ಅದೇ ತಂತಿಯ ಗೇಜು. ಮರುದಿನ ಕಡ್ಡಿಗಳ ಕಟ್ಟನ್ನೇ ಒಯ್ದೆ. ಅವನು ಒಂದೊಂದನ್ನೇ ಸೀಳಿಗೆ ತೂರಿಸಿ ಹತ್ತು, ಹನ್ನೆರಡು, ಎಂಟು ಎಂದು ಹೇಳುತ್ತ ಹೋದ, ನಾನು ಉಗುರು ಬಣ್ಣದಲ್ಲಿ ಗುರುತು ಹಾಕುತ್ತ ಹೋದೆ. ಸೈಕಲ್ ಕಡ್ಡಿಗಳು 14ನೆಯ ನಂಬರಿಗೆ ಸರಿಯಾಗಿ ಕುಳಿತವು, ಅಂದರೆ 2 ಮಿಲಿಮೀಟರ್. ಅತ್ತೆ ಅಳತೆ ನೋಡಿಯೇ ಆರಿಸಿದ್ದರೋ, ಸಿಕ್ಕಿದ್ದನ್ನು ಉಜ್ಜಿದ್ದರೋ, ಕೇಳಲು ಅವರಿಲ್ಲ.

ಮೊದಲ ದೊಡ್ಡ ಕೆಲಸ ಯಜಮಾನರ ತೋಳಿಲ್ಲದ ಸ್ವೆಟರ್. ಪೈಪಿನ ಗಂಡಸು ತೊಟ್ಟಿದ್ದ ಅದೇ ಮಾದರಿ. ಮುಂಭಾಗಕ್ಕೆ 142 ಕುಣಿಕೆ ಎಂದಿತ್ತು, ಹಾಕಿದೆ. ಕಂಕುಳಿನವರೆಗೆ ಬಂದ ಮೇಲೆ ಟೇಪು ಹಿಡಿದರೆ ಒಂದು ಬದಿಯೇ ಸುಮಾರು 24 ಇಂಚು. ಹಿಂಭಾಗ ಸೇರಿದರೆ ಯಜಮಾನರ ಜೊತೆಗೆ ಅವರ ತಮ್ಮನೂ ಒಳಗೆ ಹೋಗಬಹುದಿತ್ತು. ತಪ್ಪು ಪುಸ್ತಿಕೆಯದ್ದಲ್ಲ. ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇಂಚಿಗೆ ಏಳೂವರೆ ಕುಣಿಕೆ ಎಂದು ಬರೆದಿತ್ತು. ಅವರ ನೂಲು ಮೂರೆಳೆಯ ತೆಳು ಉಣ್ಣೆ. ನಾನು ಚೌಕಿಪೇಟೆಯಿಂದ ತಂದ ನೂಲಿನಲ್ಲಿ 10ನೆಯ ನಂಬರಿನ ಕಡ್ಡಿಗೆ ಇಂಚಿಗೆ ಬಂದದ್ದು ಆರೇ.

ಎಲ್ಲ ಬಿಚ್ಚಿ ಲೆಕ್ಕಕ್ಕೆ ಕುಳಿತೆ. 142ನ್ನು ಏಳೂವರೆಯಿಂದ ಭಾಗಿಸಿದರೆ ಸುಮಾರು 19 ಇಂಚು. 19 ಇಂಚಿಗೆ ನನ್ನ ಆರರ ಲೆಕ್ಕದಲ್ಲಿ 114 ಕುಣಿಕೆ ಬೇಕು. ಆದರೆ ಅದರ ಹೂವಿನ ಸಾಲು ಎಂಟೆಂಟರ ಗುಂಪು, ಕೊನೆಗೆ ಒಂದು ಹೆಚ್ಚು. ಹದಿನಾಲ್ಕೆಂಟ್ಲ ನೂರ ಹನ್ನೆರಡು, ಅದಕ್ಕೆ ಒಂದು, 113. ಒಂದು ಕುಣಿಕೆ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಬ್ಯಾಂಕಿನಲ್ಲಿ ಒಂದು ಪೈಸೆ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕುಳಿತವಳಿಗೆ ಈ ಸಡಿಲಿಕೆ ಎಂಥ ಸುಖ ಎಂದು ಆ ದಿನ ಗೊತ್ತಾಯಿತು.

ಅಂದಿನಿಂದ ನಾಲ್ಕಿಂಚು ಚೌಕದ ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ, ಕುಣಿಕೆಗಳನ್ನು ಎಣಿಸದೆ ಯಾವುದನ್ನೂ ಶುರು ಮಾಡಿಲ್ಲ. ಒಗೆಯದ ತುಂಡನ್ನು ಅಳೆದರೆ ಪ್ರಯೋಜನವಿಲ್ಲ. ಅಕ್ರಿಲಿಕ್ ಅಷ್ಟಾಗಿ ಬದಲಾಗುವುದಿಲ್ಲ, ಉಣ್ಣೆ ಅರಳುತ್ತದೆ, ಹತ್ತಿಯಂತೂ ಒಗೆಯುವವರೆಗೆ ಒಂದು, ಒಗೆದ ಮೇಲೆ ಇನ್ನೊಂದು.

ಸ್ವೆಟರ್ ಅಗಲಕ್ಕೆ ಸರಿಹೋಯಿತು, ಉದ್ದಕ್ಕೆ ಅಲ್ಲ. ಆ ಕಾಲದ ಪ್ಯಾಂಟು ಹೊಕ್ಕುಳಿನ ಮೇಲೆ ನಿಲ್ಲುತ್ತಿತ್ತು. ಸ್ವೆಟರ್ ಅದರ ಪಟ್ಟಿಗೆ ಮುಟ್ಟಿದರೆ ಸಾಕಿತ್ತು. ನಮ್ಮವರ ಪ್ಯಾಂಟು ಮಿರ್ಚಿ ಮಂಡಕ್ಕಿಯಿಂದ ಬೆಳೆದ ಹೊಟ್ಟೆಗೆ ಸೋತು ಎಷ್ಟೋ ಕೆಳಗೆ ಇಳಿದುಬಿಟ್ಟಿದೆ. ನಡುವೆ ನಾಲ್ಕು ಬೆರಳು ಅಂಗಿ ಇಣುಕುತ್ತಿತ್ತು. ಮತ್ತೆ ಬಿಚ್ಚಿ ಕಂಕುಳಿನ ಕೆಳಗೆ ಮೂರು ಇಂಚು ಸೇರಿಸಿದೆ. ಹೊಟ್ಟೆಯ ಮೇಲೆ ಮಾತ್ರ ಅರ್ಧ ಸಾಲುಗಳನ್ನು ಹಾಕಿದೆ. ಸಾಲಿನ ಕೊನೆಯವರೆಗೆ ಹೋಗದೆ ನಡುವೆಯೇ ತಿರುಗಿ ಬಂದರೆ ಮಧ್ಯದಲ್ಲಿ ಬಟ್ಟೆ ಬೆಳೆಯುತ್ತದೆ, ಪಕ್ಕಗಳು ಹಾಗೆಯೇ ಇರುತ್ತವೆ. ಪುಸ್ತಿಕೆಯಲ್ಲಿ ಇದು ಇಲ್ಲ. ಅವರ ಗಂಡಸರಿಗೆ ಹೊಟ್ಟೆಯೇ ಇರಲಿಲ್ಲವೇನೋ.

ಕ್ರೋಶಾ ಕೊಕ್ಕೆ ಹಿಡಿದದ್ದು ಮಗಳಿಗಾಗಿ. ಬೆಂಗಳೂರಿನಲ್ಲಿರುವ ಅವಳಿಗೆ ಹತ್ತಿ ನೂಲಿನ ಬೇಸಿಗೆ ಕುಪ್ಪಸ ಬೇಕಿತ್ತು. ಮಾದರಿ ಹಳೆಯ ಬ್ರಿಟಿಷ್ ಪುಸ್ತಿಕೆಯದ್ದು, ಕೈಚಳಕ ಕಲಿತದ್ದು ಅಮೆರಿಕದವರ ವಿಡಿಯೊದಿಂದ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಯಿತು. ಬ್ರಿಟಿಷರ ಡಬಲ್ ಕ್ರೋಶೆ ಗಿಡ್ಡ ಹೊಲಿಗೆ. ಅಮೆರಿಕದವರು ಅದನ್ನೇ ಸಿಂಗಲ್ ಎನ್ನುತ್ತಾರೆ. ಅಮೆರಿಕದವರ ಡಬಲ್ ಎಂದರೆ ಬ್ರಿಟಿಷರ ಟ್ರೆಬಲ್, ಆ ಗಿಡ್ಡ ಹೊಲಿಗೆಯ ಎರಡರಷ್ಟು ಎತ್ತರದ್ದು. ಹೆಸರು ಅದೇ, ಆಳು ಬೇರೆ. ಪುಸ್ತಿಕೆಯ ಡಬಲ್ ಓದಿ ವಿಡಿಯೊದ ಡಬಲ್ ಹಾಕುತ್ತ ಹೋದೆ; ಗೇಣುದ್ದ ಬರಬೇಕಾಗಿದ್ದ ಎದೆಯ ಪಟ್ಟಿ ಮೊಳದುದ್ದ ಬಂತು. ಮೀನಿನ ಬಲೆಯ ಹಾಗೆ ಸಂದುಗಳು ಬೇರೆ. ಅದನ್ನು ಮಗಳು ನೋಡುವ ಮೊದಲೇ ಬಿಚ್ಚಿದೆ. ಈಗ ಹಳೆಯ ಕ್ರೋಶಾ ಮಾದರಿ ಸಿಕ್ಕಿದರೆ ‘ಸಿಂಗಲ್’ ಎಂಬ ಪದ ಎಲ್ಲಾದರೂ ಇದೆಯೇ ಎಂದು ಮೊದಲು ಹುಡುಕುತ್ತೇನೆ. ಇದ್ದರೆ ಅದು ಬಹುಮಟ್ಟಿಗೆ ಅಮೆರಿಕದ್ದು.

ಹತ್ತಿಯ ಗುಣವನ್ನು ಗಿರಣಿ ಕಾರ್ಮಿಕನ ಮಗಳಾದ ನಾನು ಮೊದಲೇ ಅರಿತಿರಬೇಕಿತ್ತು. ಉಣ್ಣೆಗೆ ಎಳೆದರೆ ಮರಳುವ ಸ್ವಭಾವ, ಹತ್ತಿಗೆ ಅದಿಲ್ಲ. ತನ್ನದೇ ಭಾರಕ್ಕೆ ಜೋತು ದಿನದಿನವೂ ಉದ್ದವಾಗುತ್ತದೆ. ಎರಡನೆಯ ಬಾರಿ ಸರಿಯಾಗಿ ಹೆಣೆದ ಕುಪ್ಪಸವೂ ಆರು ತಿಂಗಳಲ್ಲಿ ಸೊಂಟ ದಾಟಿತು. ಈಗ ಹತ್ತಿಯ ಪರೀಕ್ಷೆಯ ತುಂಡಿನ ಕೆಳ ಅಂಚಿಗೆ ಬಟ್ಟೆ ಕ್ಲಿಪ್ಪುಗಳನ್ನು ಸಿಕ್ಕಿಸಿ ಎರಡು ದಿನ ತೂಗುಹಾಕುತ್ತೇನೆ, ಆಮೇಲೆ ಅಳೆಯುತ್ತೇನೆ. ಭುಜದ ಹೊಲಿಗೆಯೊಳಗೆ ಹಿಗ್ಗದ ಪಟ್ಟಿಯೊಂದನ್ನು ಸೇರಿಸುತ್ತೇನೆ.

ಮೊಮ್ಮಗ ಹುಟ್ಟುವ ಮುಂಚೆ ಅತ್ತೆಯ ನೋಟ್‌ಬುಕ್ ತೆರೆದೆ. ಇಂಗ್ಲಿಷ್ ಪುಸ್ತಿಕೆಗಳಿಗಿಂತ ಅದರ ಮೇಲೆ ನನಗೆ ನಂಬಿಕೆ ಹೆಚ್ಚು, ಏಕೆಂದರೆ ಅತ್ತೆ ಹೆಣೆದದ್ದು ನಮ್ಮ ಮಕ್ಕಳಿಗೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 14 ಇಂಚು. ಕುಲಾವಿಯನ್ನು ಹನ್ನೆರಡೂವರೆಗೆ ಹೆಣೆದರೆ ಹಿಗ್ಗಿ ಹಿಡಿದುಕೊಳ್ಳುತ್ತದೆ. ಮಗುವಿನ ಮೈಗಿಂತ ತಲೆಯದ್ದೇ ಸಮಸ್ಯೆ. ಕುತ್ತಿಗೆಯ ಅಳತೆಗೆ ಹೆಣೆದರೆ ತಲೆ ತೂರುವುದಿಲ್ಲ, ತಲೆಯ ಅಳತೆಗೆ ಹೆಣೆದರೆ ಕುತ್ತಿಗೆಯಲ್ಲಿ ಗಾಳಿಯಾಡುತ್ತದೆ. ಅತ್ತೆ ಎಡ ಭುಜವನ್ನು ಹೊಲಿಯದೆ ಮೂರು ಗುಂಡಿ ಇಟ್ಟಿದ್ದರು. ನಾನೂ ಇಟ್ಟೆ. ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಮೀರಿದೆ: ಕುತ್ತಿಗೆಗೆ ಕಟ್ಟುವ ರಿಬ್ಬನ್ ಹಾಕಲಿಲ್ಲ. ಹಳೆಯ ಮಾದರಿಗಳಲ್ಲೆಲ್ಲ ಅದಿದೆ, ನೋಡಲು ಮುದ್ದಾಗಿಯೂ ಇದೆ. ಮಲಗಿದ ಕೂಸಿನ ಕೊರಳಲ್ಲಿ ದಾರ ಬೇಡ. ಕೈಗವಸುಗಳಿಗೆ ತೂತಿನ ಹೂವಿನ ಹೆಣಿಗೆಯೂ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

ಆ ಸ್ವೆಟರನ್ನು ಹಾಳು ಮಾಡಿದವಳೂ ನಾನೇ. ನಾಮಕರಣದ ಬೆಳಿಗ್ಗೆ ಚೆಂದ ಕಾಣಲೆಂದು ಇಸ್ತ್ರಿ ಒತ್ತಿದೆ. ಅಕ್ರಿಲಿಕ್‌ಗೆ ಬಿಸಿ ತಗುಲಿದರೆ ಅದರ ಪುಟಿತವೆಲ್ಲ ಇಳಿದು ಒದ್ದೆ ಹಪ್ಪಳದಂತೆ ಜೋಲುತ್ತದೆ, ಮತ್ತೆ ಎಂದೂ ಏಳುವುದಿಲ್ಲ. ಹಳೆಯ ಪುಸ್ತಿಕೆಗಳು ಕೊನೆಯಲ್ಲಿ ‘ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ’ ಎನ್ನುವುದು ಉಣ್ಣೆಗೆ. ಮೊಮ್ಮಗ ಅಂಗಡಿಯ ಅಂಗಿಯಲ್ಲಿ ಹೆಸರಿಡಿಸಿಕೊಂಡ.

ನೂಲಿನ ವಿಷಯದಲ್ಲಿ ಇನ್ನೊಂದು ಹುಚ್ಚು ಸಾಹಸವನ್ನೂ ಹೇಳಬೇಕು. ಚಿತ್ರದುರ್ಗದಲ್ಲಿರುವ ತಮ್ಮನ ಮನೆಗೆ ಹೋದಾಗ ಚಳ್ಳಕೆರೆ ಕಡೆಯ ಕಂಬಳಿ ನೇಯುವವರಿಂದ ಕೈಯಲ್ಲಿ ನೂತ ಕರಿ ಉಣ್ಣೆಯ ಒಂದು ಉಂಡೆ ತಂದೆ. ನಮ್ಮದೇ ಕುರಿ, ನಮ್ಮದೇ ನೂಲು ಎಂಬ ಅಭಿಮಾನದಿಂದ ತಮ್ಮನಿಗೆ ಮೇಲಂಗಿ ಹೆಣೆದೆ. ದಕ್ಖನಿ ಕುರಿಯ ಉಣ್ಣೆ ಒರಟು, ಅದರಲ್ಲಿ ಕೂದಲೇ ಹೆಚ್ಚು. ಮಳೆಗೆ, ನೆಲಕ್ಕೆ, ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿಗೆ ಅದಕ್ಕೆ ಸಮನಾದದ್ದಿಲ್ಲ. ಕುತ್ತಿಗೆಗೆ ಮಾತ್ರ ಅದು ತುರಿಕೆ ಸೊಪ್ಪು. ತಮ್ಮ ಒಂದು ದಿನ ತೊಟ್ಟು, ಎರಡನೆಯ ದಿನ ಮಡಚಿ ಕುರ್ಚಿಯ ಮೇಲೆ ಹಾಕಿಕೊಂಡು ಕುಳಿತ. ಇಂದಿಗೂ ಅದು ಅಲ್ಲೇ ಇದೆ, ಒಂದು ಎಳೆಯೂ ಸವೆದಿಲ್ಲ.

ಅದೇ ತಮ್ಮನಿಗಾಗಿ ಈಗ ಕಾಲುಚೀಲ ಹಿಡಿದಿದ್ದೇನೆ. ಬೆಳಗಿನ ಜಾವ ಜೋಗಿಮಟ್ಟಿ ಕಡೆ ನಡೆಯಲು ಹೋಗುತ್ತಾನೆ. ಗಾಳಿಯಂತ್ರಗಳನ್ನು ನಿಲ್ಲಿಸಿರುವ ಗುಡ್ಡಗಳಲ್ಲಿ ಗಾಳಿ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಈ ಬಾರಿ ಮೆದು ಉಣ್ಣೆಯನ್ನೇ ತರಿಸಿದೆ, ಒಂದು ಉಂಡೆ ಹೆಚ್ಚಿಗೆ. ಹೊದಿಕೆಯ ಮೇಲಿನ ಬಣ್ಣದ ಲಾಟ್ ನಂಬರು ಎಲ್ಲದರಲ್ಲೂ ಒಂದೇ ಇದೆಯೇ ಎಂದು ಕನ್ನಡಕ ಹಾಕಿ ನೋಡಿದೆ. ಹಿಂದೆ ನೋಡದೆ ತಂದು ಒಂದು ತೋಳು ಆಕಾಶ ನೀಲಿ, ಇನ್ನೊಂದು ತೋಳು ಒಗೆದ ಆಕಾಶ ನೀಲಿ ಆಗಿತ್ತು.

ಮಾದರಿ ಅತ್ತೆಯದ್ದು, ಕಡ್ಡಿ ಅವರ ಸೈಕಲ್ ಕಡ್ಡಿಗಳೇ. 56 ಕುಣಿಕೆಗಳನ್ನು ಮೂರು ಕಡ್ಡಿಗೆ ಹಂಚಿ, ನಾಲ್ಕನೆಯದರಿಂದ ಸುತ್ತು ಹೆಣೆಯುತ್ತ ಮೀನಖಂಡ ಇಳಿದು ಹಿಮ್ಮಡಿಗೆ ಬಂದೆ. ಅಲ್ಲಿ ಅತ್ತೆ ಬರೆದಿರುವುದು ಇಷ್ಟೇ: ‘ಅರ್ಧ ಕುಣಿಕೆ ತೆಗೆದುಕೊಂಡು 28 ಸಾಲು, ಸಾಲಿನ ಮೊದಲ ಕುಣಿಕೆ ಹೆಣೆಯದೆ ಜಾರಿಸುವುದು. ಮುಂದೆ ಗೊತ್ತೇ ಇದೆ.’

ಯಾರಿಗೆ ಗೊತ್ತು? ಅವರಿಗೆ ಗೊತ್ತಿತ್ತು. ಎರಡು ಬಾರಿ ನನ್ನ ಬುದ್ಧಿಯಿಂದ ತಿರುಗಿಸಿ ನೋಡಿದೆ, ಎರಡು ಬಾರಿಯೂ ಹಿಮ್ಮಡಿಯಲ್ಲಿ ಕೊಂಬು ಮೂಡಿತು. ಇಂಗ್ಲಿಷ್ ಪುಸ್ತಿಕೆಯಲ್ಲಿ ಹಿಮ್ಮಡಿಯ ಲೆಕ್ಕವಿದೆ, ಅದನ್ನೇ ಹಿಡಿಯಬಹುದಿತ್ತು. ಹಿಡಿಯಲು ಮನಸ್ಸಾಗಲಿಲ್ಲ. ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಅತ್ತೆ ಹೆಣೆದ ಒಂಟಿ ಕಾಲುಚೀಲವೊಂದು ಸಿಕ್ಕಿತು. ಜೊತೆಯದನ್ನು ಇಲಿ ತಿಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಹಿಮ್ಮಡಿಯ ಕುಣಿಕೆಗಳನ್ನು ಎಣಿಸಿದೆ. ಇಪ್ಪತ್ತೆಂಟರಲ್ಲಿ 16 ಸೀದಾ, ಒಂದು ಜೋಡಿ, ಮತ್ತೊಂದು ಸೀದಾ, ತಿರುಗು. ಒಂದು ಜಾರಿಸಿ, 5 ಉಲ್ಟಾ, ಒಂದು ಜೋಡಿ, ಮತ್ತೊಂದು ಉಲ್ಟಾ, ತಿರುಗು. ಪ್ರತಿ ಸಾಲಿಗೂ ಮಧ್ಯದ ಪಟ್ಟಿ ಒಂದೊಂದು ಕುಣಿಕೆ ಅಗಲವಾಗುತ್ತ ಎರಡು ಪಕ್ಕವನ್ನೂ ನುಂಗುತ್ತ ಹೋಗಿತ್ತು. ನೋಟ್‌ಬುಕ್ಕಿನ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಇದನ್ನು ಬರೆದುಕೊಂಡು, ನಿನ್ನೆ ಸಂಜೆ ಮೂರನೆಯ ಬಾರಿ ಹಿಮ್ಮಡಿ ತಿರುಗಿಸಿದೆ. ಕೊಂಬು ಬರಲಿಲ್ಲ. ಎಡಗಾಲಿನದ್ದು ಇನ್ನೂ ಬಾಕಿ ಇದೆ.