ಗೋಕುಲಂನಿಂದ ಕುನ್ಮಿಂಗ್‌ಗೆ ನೆಂಟರಾಗಿ ಹೋದದ್ದು

ಮೈಸೂರಿನ ಗೋಕುಲಂನಲ್ಲಿ ನಮ್ಮ ಮನೆ. ಅಷ್ಟಾಂಗ ಯೋಗ ಕಲಿಯಲು ಹೊರದೇಶಗಳಿಂದ ಬರುವವರಿಗೆ ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತೇವೆ. 2018ರ ಚಳಿಗಾಲದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ರಾಜಧಾನಿ ಕುನ್ಮಿಂಗ್‌ನಿಂದ ಒಬ್ಬ ಯೋಗ ಶಿಕ್ಷಕಿ ಮತ್ತು ಆಕೆಯ ಗಂಡ ಬಂದು ಮೂರು ತಿಂಗಳು ಇದ್ದರು. ಆಕೆ ನನ್ನ ಅಡುಗೆಮನೆಯಲ್ಲಿ ದೋಸೆ ಹುಯ್ಯುವುದನ್ನು ಕಲಿತಳು. ಹೊರಡುವ ದಿನ ನನ್ನ ಎರಡೂ ಕೈ ಹಿಡಿದು, "ಆಂಟಿ, ಮುಂದಿನ ಸಲ ನೀವು ನಮ್ಮ ಮನೆಗೆ" ಎಂದಳು. ನಡುವೆ ಕೋವಿಡ್ ಬಂತು, ಗಡಿಗಳು ಮುಚ್ಚಿದವು. ಆಕೆ ಮಾತ್ರ ಪ್ರತಿ ಹೊಸವರ್ಷಕ್ಕೂ ಅದೇ ಮಾತನ್ನು ನೆನಪಿಸುತ್ತಿದ್ದಳು. ಕೊನೆಗೆ 2024ರ ನವೆಂಬರ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಹೊರಟೆವು. ಅವರ ಮನೆಯಲ್ಲಿ ಹದಿನಾರು ದಿನ ಇದ್ದೆವು.

ಪ್ರವಾಸದ ತಂಡದೊಂದಿಗೆ ಹೋಗುವುದಕ್ಕೂ ಒಬ್ಬರ ಮನೆಯಲ್ಲಿ ಇಳಿದುಕೊಳ್ಳುವುದಕ್ಕೂ ಬಹಳ ಅಂತರವಿದೆ. ಎರಡನೆಯದಕ್ಕೆ ಹೊರಡುವವರು ನಮ್ಮ ಕಡೆ ಕಡಿಮೆ. ಅದಕ್ಕಾಗಿ ನಾವು ಮಾಡಿಕೊಂಡ ಸಿದ್ಧತೆಯನ್ನೂ ಅಲ್ಲಿ ಕಲಿತದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ವೀಸಾ. ಚೀನಾದ ಪ್ರಜೆಗಳ ರಕ್ತಸಂಬಂಧಿಗಳಿಗೆ ಬೇರೆಯದೇ ವೀಸಾ ಇದೆ, ನಮ್ಮಂಥ ಸ್ನೇಹಿತರಿಗೆ ಸಾಮಾನ್ಯ ಪ್ರವಾಸಿ ವೀಸಾ. ಹೋಟೆಲ್ ಕಾಯ್ದಿರಿಸಿದ ಚೀಟಿಯ ಬದಲು ಮನೆಯವರ ಆಹ್ವಾನಪತ್ರ ಮತ್ತು ಅವರ ಗುರುತಿನ ಚೀಟಿಯ ಪ್ರತಿಯನ್ನು ಕೊಡಬೇಕು. ನಮ್ಮ ಕುನ್ಮಿಂಗ್ ಹುಡುಗಿ ಮೊದಲು ಕಳುಹಿಸಿದ ಪತ್ರ ಓದಿ ನನ್ನ ಕಣ್ಣು ತುಂಬಿತು. ಮೈಸೂರಿನ ನೆನಪು, ದೋಸೆ, ಪ್ರೀತಿ ಎಲ್ಲವೂ ಅದರಲ್ಲಿತ್ತು. ನಮ್ಮ ಪಾಸ್‌ಪೋರ್ಟ್ ಸಂಖ್ಯೆ, ಬರುವ ಮತ್ತು ಹೊರಡುವ ದಿನಾಂಕ, ಖರ್ಚು ಯಾರದು ಎಂಬುದು ಮಾತ್ರ ಇರಲಿಲ್ಲ. ಮುಂಬೈಯ ವೀಸಾ ಕೇಂದ್ರಕ್ಕೆ ಕಳುಹಿಸುವ ಮೊದಲೇ ಯಜಮಾನರು ಅದನ್ನು ಗಮನಿಸಿದ್ದರಿಂದ ಒಂದು ಸುತ್ತು ಉಳಿಯಿತು. ಆಹ್ವಾನಪತ್ರ ಪ್ರೇಮಪತ್ರವಲ್ಲ. ಯಾರು, ಎಲ್ಲಿ, ಯಾವಾಗ, ಎಷ್ಟು ದಿನ, ಏನು ಸಂಬಂಧ ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ಇರಬೇಕು. ಮೊದಲ ಪತ್ರವನ್ನು ನಾನು ಬೀರುವಿನಲ್ಲಿ ಇಟ್ಟುಕೊಂಡೆ, ಎರಡನೆಯದನ್ನು ಅರ್ಜಿಯೊಂದಿಗೆ ಕಳುಹಿಸಿದೆವು.

ಆಗ ಭಾರತದಿಂದ ಚೀನಾಕ್ಕೆ ನೇರ ವಿಮಾನ ಇರಲಿಲ್ಲ. ಎಲ್ಲರೂ ಬ್ಯಾಂಕಾಕ್, ಸಿಂಗಪುರ ಅಥವಾ ಹಾಂಗ್‌ಕಾಂಗ್ ಸುತ್ತಿಕೊಂಡು ಹೋಗುತ್ತಿದ್ದರು. ನಮ್ಮ ಯಜಮಾನರು ಮೈಸೂರಿನ ರೈಲ್ವೆ ಕಾರ್ಯಾಗಾರದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಲಾವೋಸ್‌ನಿಂದ ಕುನ್ಮಿಂಗ್‌ಗೆ ಹೊಸ ರೈಲು ಇದೆ ಎಂದು ತಿಳಿದ ಮೇಲೆ ಬೇರೆ ದಾರಿಯ ಮಾತೇ ಮನೆಯಲ್ಲಿ ಏಳಲಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಗಡಿಯೂರಾದ ನಾಂಗ್ ಖಾಯ್, ಮೆಕಾಂಗ್ ನದಿಯ ಮೇಲಿನ ಸ್ನೇಹ ಸೇತುವೆ ದಾಟಿ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್, ಮರುದಿನ ಬೆಳಿಗ್ಗೆ ಕುನ್ಮಿಂಗ್ ರೈಲು. ಥಾಯ್ಲೆಂಡ್‌ಗೆ ಭಾರತೀಯರಿಗೆ ಆಗ ವೀಸಾ ಬೇಕಿರಲಿಲ್ಲ, ಲಾವೋಸ್‌ನದು ಸೇತುವೆಯ ಬಳಿಯೇ ಸಿಕ್ಕಿತು. ಅದಕ್ಕೆ ಡಾಲರ್ ನೋಟು ಮತ್ತು ಭಾವಚಿತ್ರ ಕೈಯಲ್ಲಿ ಸಿದ್ಧವಿರಲಿ.

ಥಾಯ್ ರೈಲಿನ ಹಳಿ ಒಂದು ಮೀಟರ್ ಅಗಲದ್ದು. ಒಂದು ಕಾಲದಲ್ಲಿ ಮೈಸೂರಿಗೆ ಬರುತ್ತಿದ್ದ ಗಾಡಿಗಳೂ ಆ ಗೇಜಿನವೇ. ಯಜಮಾನರು ಮಲಗುವ ಬರ್ತ್ ಬಿಟ್ಟು ಬಾಗಿಲ ಬಳಿ ನಿಂತು, ಆ ಸದ್ದು ಕೇಳಿ ಎಷ್ಟು ವರ್ಷವಾಯಿತು ಎನ್ನುತ್ತಿದ್ದರು. ವಿಯೆಂಟಿಯಾನ್‌ನಿಂದ ಮುಂದಿನದು 1,435 ಮಿಲಿಮೀಟರ್‌ನ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್‌ಗೇಜ್ 1,676. ಹೀಗೆ ಮೂರು ದಿನಗಳೊಳಗೆ ಎರಡು ಅಳತೆಯ ಹಳಿಗಳ ಮೇಲೆ ಪ್ರಯಾಣ ಮಾಡಿದ್ದು ಅವರ ಪಾಲಿಗೆ ಇಡೀ ಪ್ರವಾಸದ ಹಿರಿಯ ಸಂತೋಷಗಳಲ್ಲಿ ಒಂದು.

ಚೀನಾ–ಲಾವೋಸ್ ರೈಲುಮಾರ್ಗ 2021ರ ಡಿಸೆಂಬರ್‌ನಲ್ಲಿ ಆರಂಭವಾಯಿತು, ಗಡಿ ದಾಟುವ ಪ್ರಯಾಣಿಕರ ಗಾಡಿ 2023ರ ಏಪ್ರಿಲ್‌ನಲ್ಲಿ. ವಿಯೆಂಟಿಯಾನ್‌ನಿಂದ ಕುನ್ಮಿಂಗ್‌ಗೆ 1,035 ಕಿಲೋಮೀಟರ್, ಸುಮಾರು ಹತ್ತು ಗಂಟೆಯ ದಾರಿ. ಟಿಕೆಟನ್ನು ನಮ್ಮ ಹುಡುಗಿಯೇ ಅಲ್ಲಿಂದ ಕಾಯ್ದಿರಿಸಿದ್ದಳು. ನಿಲ್ದಾಣದಲ್ಲಿ ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ ಇರುತ್ತದೆ. ಯಜಮಾನರ ಮಂಡಿನೋವಿನ ಸ್ಪ್ರೇ ಡಬ್ಬಿಯನ್ನು ತೆಗೆದಿಟ್ಟುಕೊಂಡರು, ನನ್ನ ಹಣ್ಣು ಹೆಚ್ಚುವ ಚಾಕುವೂ ಹೋಯಿತು. ನೋವಿಗೆ ಮುಲಾಮಿನ ಟ್ಯೂಬ್ ಒಯ್ದರೆ ಈ ತೊಂದರೆ ಇಲ್ಲ. ಗಡಿಯಲ್ಲಿ ಎರಡು ಸಲ ಇಳಿಯಬೇಕು: ಲಾವೋಸ್ ಬದಿಯ ಬೋಟೆನ್‌ನಲ್ಲಿ ಒಮ್ಮೆ, ಚೀನಾ ಬದಿಯ ಮೋಹಾನ್‌ನಲ್ಲಿ ಇನ್ನೊಮ್ಮೆ. ಎರಡೂ ಕಡೆ ಎಲ್ಲ ಸಾಮಾನನ್ನೂ ಹೊತ್ತುಕೊಂಡೇ ಇಳಿಯಬೇಕು. ಇದು ಮೊದಲೇ ಗೊತ್ತಿದ್ದರೆ ನಾನು ಆ ದೊಡ್ಡ ಪೆಟ್ಟಿಗೆಯನ್ನು ಖಂಡಿತ ತರುತ್ತಿರಲಿಲ್ಲ. ಅರವತ್ತರ ಆಸುಪಾಸಿನವರು ತಮ್ಮ ಕೈಯಿಂದ ಎತ್ತಬಲ್ಲಷ್ಟನ್ನೇ ತುಂಬಿಕೊಳ್ಳಿ. ಮೋಹಾನ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆವು. ಅಲ್ಲಿಗೆ ಮೈಸೂರಿಗಿಂತ ಎರಡೂವರೆ ಗಂಟೆ ಮುಂದೆ.

ರೈಲಿನಲ್ಲಿ ಕುದಿಯುವ ನೀರಿನ ನಲ್ಲಿ ಇದೆ. ಸಸ್ಯಾಹಾರಿಗಳಿಗೆ ಅದೊಂದೇ ಸಾಕು. ಒಗ್ಗರಣೆ ಹಾಕಿ ಒಣಗಿಸಿಟ್ಟ ಪೇಪರ್ ಅವಲಕ್ಕಿಗೂ ಹುರಿದ ರವೆಯ ಉಪ್ಪಿಟ್ಟಿನ ಪುಡಿಗೂ ಬಿಸಿನೀರು ಬೆರೆಸಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ತಿಂಡಿ ಸಿದ್ಧ. ಪಕ್ಕದ ಆಸನದ ಹೆಂಗಸು ಮೂಗರಳಿಸಿ ನೋಡಿದರು. ಒಂದು ಲೋಟದಲ್ಲಿ ಹಾಕಿಕೊಟ್ಟೆ. ಅವರು ಸಿಪ್ಪೆ ಸುಲಿದು ಕಿತ್ತಳೆ ಕೊಟ್ಟರು. ಸುರಂಗದ ಮೇಲೆ ಸುರಂಗ, ನಡುವೆ ಒಂದು ಕ್ಷಣ ಹಸಿರು ಕಣಿವೆ, ಮತ್ತೆ ಕತ್ತಲೆ. ಪುಅರ್ ಎಂಬ ನಿಲ್ದಾಣ ಬಂದಾಗ, ಪುಅರ್ ಚಹಾಕ್ಕೆ ಆ ಹೆಸರು ಬಂದದ್ದು ಈ ಸೀಮೆಯಿಂದಲೇ ಎಂದು ಆ ಹೆಂಗಸು ಕೈಸನ್ನೆಯಲ್ಲಿ ತಿಳಿಸಿದರು.

ಉಡುಗೊರೆಯ ಬಗ್ಗೆ ತುಂಬ ಯೋಚಿಸಿದ್ದೆ. ಹಸಿ ಹಣ್ಣು, ತರಕಾರಿ, ಬಿತ್ತನೆಯ ಬೀಜ, ಮಾಂಸ, ಹಾಲು ಬೆಣ್ಣೆಯ ಪದಾರ್ಥಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ಹಾಗಾಗಿ ಮೈಸೂರು ಪಾಕು ಮನೆಯಲ್ಲೇ ಉಳಿಯಿತು. ಗಡಿಯಾರ ಕೊಡಬಾರದು, ಚೀನೀ ಭಾಷೆಯಲ್ಲಿ "ಗಡಿಯಾರ ಕೊಡುವುದು" ಎಂಬ ಮಾತು ಅಂತ್ಯಸಂಸ್ಕಾರದ ಮಾತಿನಂತೆ ಕೇಳಿಸುತ್ತದೆ. ನಾನು ಒಯ್ದದ್ದು ಗಂಧದ ಸಾಬೂನು, ಒಂದು ಮೈಸೂರು ರೇಷ್ಮೆಯ ಶಾಲು, ಹಪ್ಪಳ, ಹಿತ್ತಾಳೆಯ ಫಿಲ್ಟರ್ ಮತ್ತು ಕೊಡಗಿನ ಕಾಫಿಪುಡಿ. ಯುನ್ನಾನ್ ಚೀನಾದ ಕಾಫಿ ಬೆಳೆಯುವ ಸೀಮೆ ಎಂಬುದು ಹೋದ ಮೇಲೆ ಗೊತ್ತಾಯಿತು. ಎರಡನೆಯ ದಿನದಿಂದ ಅವರ ಪುಡಿಯನ್ನು ನನ್ನ ಫಿಲ್ಟರ್‌ಗೆ ಹಾಕಿ ಎರಡು ನಾಡಿನ ಕಾಫಿಯನ್ನೂ ಪಕ್ಕಪಕ್ಕ ಇಟ್ಟು ಕುಡಿದೆವು. ಯಾವುದನ್ನು ಕೊಟ್ಟರೂ ಎರಡೂ ಕೈಯಿಂದ ಕೊಡಬೇಕು, ತೆಗೆದುಕೊಳ್ಳುವಾಗಲೂ ಹಾಗೆಯೇ.

ಕುನ್ಮಿಂಗ್ ದಕ್ಷಿಣ ನಿಲ್ದಾಣಕ್ಕೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಆರು ವರ್ಷದ ನಂತರದ ಭೇಟಿ. ಆಕೆ ಮೊದಲು ಕೇಳಿದ್ದು ಯಜಮಾನರ ಮಂಡಿಯ ವಿಷಯ.

ಮರುದಿನ ಬೆಳಿಗ್ಗೆ ಮೊದಲ ಕೆಲಸ ಪೊಲೀಸ್ ಠಾಣೆ. ವಿದೇಶಿಯರು ಹೋಟೆಲಿನಲ್ಲಿ ಇಳಿದರೆ ಹೋಟೆಲಿನವರೇ ನೋಂದಣಿ ಮಾಡುತ್ತಾರೆ, ಮನೆಯಲ್ಲಿ ಇಳಿದರೆ 24 ಗಂಟೆಯೊಳಗೆ ಆ ಪ್ರದೇಶದ ಠಾಣೆಯಲ್ಲಿ ನೋಂದಾಯಿಸಬೇಕು. ಮನೆಯವರ ಗುರುತಿನ ಚೀಟಿ, ಮನೆಯ ದಾಖಲೆ ಮತ್ತು ನಮ್ಮ ಪಾಸ್‌ಪೋರ್ಟ್ ಬೇಕು. ಯಜಮಾನರಿಗೆ ಸ್ವಲ್ಪ ಅಳುಕು ಇತ್ತು. ನನಗೆ ಇರಲಿಲ್ಲ. ಗೋಕುಲಂನಲ್ಲಿ ನಾನು ಇಷ್ಟು ವರ್ಷ ಮಾಡಿದ್ದು ಇದೇ ಕೆಲಸವನ್ನು. ನಮ್ಮ ದೇಶದಲ್ಲೂ ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಅವರ ವಿವರಗಳ ಫಾರ್ಮ್ (ಆಗ ಅದನ್ನು ಫಾರ್ಮ್ ಸಿ ಎನ್ನುತ್ತಿದ್ದರು) ತುಂಬಿ ಸಲ್ಲಿಸಬೇಕು. ಇದೇ ಹುಡುಗಿಯ ಪಾಸ್‌ಪೋರ್ಟ್ ಸಂಖ್ಯೆಯನ್ನು ನಾನು ಎರಡೆರಡು ಸಲ ನೋಡಿ ಬರೆದಿದ್ದೆ. ಈಗ ಆಕೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನ ಪಾಸ್‌ಪೋರ್ಟ್ ಸಂಖ್ಯೆಯನ್ನು ಎರಡೆರಡು ಸಲ ನೋಡಿ ಬರೆಯುತ್ತಿದ್ದಳು. ಅವಳ ಮುಖದ ಆ ಎಚ್ಚರ ನನಗೆ ಚೆನ್ನಾಗಿ ಪರಿಚಿತವಾದದ್ದು. ಹದಿನೈದು ನಿಮಿಷದಲ್ಲಿ ಮುದ್ರೆ ಬಿದ್ದ ಕಾಗದ ಕೈಗೆ ಬಂತು. ಅದನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಂಡೆವು.

ಮೊಬೈಲ್ ಮತ್ತು ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ಅಲ್ಲಿನ ಮನೆಯ ವೈಫೈಯಲ್ಲಿ ತೆರೆಯುವುದಿಲ್ಲ, ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡರೆ ತೆರೆಯುತ್ತವೆ. ಅಲ್ಲಿನವರು ತರಕಾರಿಗೂ ಬಸ್ಸಿಗೂ ಹಣ ಕೊಡುವುದು ವೀಚಾಟ್ ಅಥವಾ ಅಲಿಪೇ ಮೂಲಕ. ಎರಡೂ ನಮ್ಮಲ್ಲಿ 2020ರಲ್ಲಿ ನಿಷೇಧವಾದವು. ನಮ್ಮ ಹುಡುಗಿ ತನ್ನ ಹಳೆಯ ಮೊಬೈಲನ್ನು ಸಿದ್ಧಪಡಿಸಿ ಕೈಗಿಟ್ಟಳು. ನಾವು ತಂದ ಡಾಲರನ್ನು ಬ್ಯಾಂಕಿನಲ್ಲಿ ಯುವಾನ್ ಮಾಡಿಸಿ, ಖರ್ಚಾದಷ್ಟನ್ನು ವಾರಕ್ಕೊಮ್ಮೆ ಲಕೋಟೆಯಲ್ಲಿ ಅವಳಿಗೆ ಕೊಟ್ಟೆ. ಅಲ್ಲಿ ಕೆಂಪು ಲಕೋಟೆಯಲ್ಲಿ ಕೊಟ್ಟ ಹಣ ಶುಭದ ಉಡುಗೊರೆ, ನನ್ನ ಲಕೋಟೆಯೂ ಕೆಂಪು ಬಣ್ಣದ್ದಾದ್ದರಿಂದ ಅವಳಿಗೆ ಬೇಡವೆನ್ನಲು ಆಗಲಿಲ್ಲ.

ಊಟದ ಬಗ್ಗೆ ನಿಧಾನವಾಗಿ ಹೇಳಬೇಕು. ಸಸ್ಯಾಹಾರಿ ಎಂದು ಹೇಳಲು "ವೊ ಛ್ರ ಸು" ಎಂಬ ಮಾತು ಇದೆ. ಅದಷ್ಟೇ ಸಾಲದು. ಮಾಂಸ ಬೇಡವೆಂದರೆ ತುಂಡು ಬೇಡವೆಂದು ತಿಳಿಯುತ್ತಾರೆ. ಎಲುಬಿನ ಸಾರು, ಹಂದಿಕೊಬ್ಬಿನ ಒಗ್ಗರಣೆ, ಒಣಸಿಗಡಿ, ಸಿಂಪಿಯ ಸಾಸ್ ಇವೆಲ್ಲ ಬೇಡವೆಂದು ಒಂದೊಂದಾಗಿ ಹೇಳಬೇಕು. ನಾನು ಎರಡು ತಿಂಗಳ ಮೊದಲೇ ಪಟ್ಟಿ ಮಾಡಿ ಕಳುಹಿಸಿದ್ದೆ, ಆಕೆ ಅದನ್ನು ಚೀನೀ ಅಕ್ಷರಗಳಲ್ಲಿ ಬರೆದ ಚೀಟಿಯನ್ನು ಹೊರಗೆ ಹೋದಾಗಲೆಲ್ಲ ನನ್ನ ಚೀಲದಲ್ಲಿ ಹಾಕುತ್ತಿದ್ದಳು. ಮನೆಯಲ್ಲಿ ನಮಗಾಗಿ ಹೊಸದೊಂದು ಬಾಣಲೆ ತಂದಿದ್ದರು, ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು. ಆ ದಾರವನ್ನು ಕಂಡಾಗ ಪಟ್ಟಿ ಕಳುಹಿಸಲು ಪಟ್ಟ ಸಂಕೋಚವೆಲ್ಲ ಕರಗಿತು. ತನಗೇನು ಬೇಡವೆಂದು ಮೊದಲೇ ಬಾಯಿಬಿಟ್ಟು ಹೇಳುವುದೇ ಮನೆಯವರಿಗೆ ಮಾಡುವ ಉಪಕಾರ ಎಂದು ನಾನು ಈಗ ನಂಬಿದ್ದೇನೆ. ಎದುರಿಗಿಟ್ಟ ಬಟ್ಟಲನ್ನು ಸುಮ್ಮನೆ ದೂರ ಸರಿಸುವುದು ಅದಕ್ಕಿಂತ ಎಷ್ಟೋ ನೋವಿನ ಸಂಗತಿ.

ಯುನ್ನಾನ್‌ನಲ್ಲಿ ಸಸ್ಯಾಹಾರಿಗಳಿಗೆ ಕೊರತೆಯಿಲ್ಲ. ಆಡಿನ ಹಾಲಿನಿಂದ ಮಾಡುವ ರುಬಿಂಗ್ ಎಂಬ ಗಿಣ್ಣು ನಮ್ಮ ಪನೀರಿನ ಹತ್ತಿರದ ನೆಂಟ. ತೆಳುವಾಗಿ ಕೊಯ್ದು ಕೆಂಪಗೆ ಹುರಿದು ಉಪ್ಪು ಉದುರಿಸಿ ತಿನ್ನುತ್ತಾರೆ. ಬೇಯಿಸಿದ ಆಲೂಗಡ್ಡೆಯನ್ನು ನುರಿದು ಒಣಮೆಣಸಿನಕಾಯಿ ಹಾಕಿ ಬಾಡಿಸುವ "ಅಜ್ಜಿಯ ಆಲೂಗಡ್ಡೆ" ಎಂಬ ಪಲ್ಯವಿದೆ, ಅದು ದೋಸೆಯೊಳಗೆ ಇಡಲು ಹೇಳಿಮಾಡಿಸಿದ ಹಾಗಿತ್ತು. ಅಕ್ಕಿ ಶ್ಯಾವಿಗೆಯ ಮಿಶ್ಯಾನ್ ಕುನ್ಮಿಂಗ್‌ನ ನಿತ್ಯದ ತಿಂಡಿ. ಅಣಬೆಯ ಸಾರಿನಲ್ಲಿ ನಮಗಾಗಿ ಬೇರೆ ಮಾಡಿದರು.

ಆ ಮನೆಯಲ್ಲಿ ಗಂಡನ ಅಜ್ಜಿ ಇದ್ದಾರೆ, ವಯಸ್ಸು 83. ತಂದೆಯ ತಾಯಿಯನ್ನು ಅಲ್ಲಿ "ನೈನೈ" ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಅವರದು ಊರಿನ ಆಡುಮಾತು, ಮೊಬೈಲಿನ ಅನುವಾದಕ್ಕೆ ಅದು ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಮಗು ನನ್ನನ್ನು "ಆಯಿ" ಎಂದು ಕರೆದಾಗ ನಾನು ತಟ್ಟನೆ ತಿರುಗಿದೆ. ತಾಯಿಯ ವಯಸ್ಸಿನ ಹೆಂಗಸಿಗೆ ಅವರು ಹೇಳುವ ಮಾತು ಅದು. ನನ್ನ ತವರು ಶಿರಸಿ, ನಾವು ತಾಯಿಯನ್ನು ಕರೆಯುವುದೇ "ಆಯಿ" ಎಂದು. ನನ್ನ ಆಯಿ ಹೋಗಿ ಹನ್ನೊಂದು ವರ್ಷ. ಆ ಹದಿನಾರು ದಿನ ದಿನಕ್ಕೆ ಹತ್ತು ಸಲ ಆ ಶಬ್ದ ಕಿವಿಗೆ ಬಿತ್ತು.

ಮೊದಲ ನಾಲ್ಕು ದಿನ ನೈನೈ ನನ್ನನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ. ತಟ್ಟೆ ಎತ್ತಿದರೆ ಕಿತ್ತುಕೊಳ್ಳುತ್ತಿದ್ದರು, ಪೊರಕೆ ಹಿಡಿದರೆ ಮೊಣಕೈ ಹಿಡಿದು ಕೂರಿಸುತ್ತಿದ್ದರು. ಕೆಲಸವಿಲ್ಲದೆ ಕೂರುವುದು ನನಗೆ ಹಿಂಸೆಯಾಯಿತು. ಆರು ವರ್ಷದ ಹಿಂದೆ ಆ ಹುಡುಗಿ ಮೈಸೂರಿನಲ್ಲಿ ತಾನು ಉಂಡ ತಟ್ಟೆ ತೊಳೆಯಲು ಬಂದಾಗ ನಾನೂ ಹೀಗೆಯೇ ಕಿತ್ತುಕೊಂಡಿದ್ದೆ, ಅದು ಆದರವೆಂದೇ ತಿಳಿದಿದ್ದೆ. ಅವಳಿಗೆ ಎಷ್ಟು ಕಷ್ಟವಾಗಿತ್ತೋ. ಐದನೆಯ ದಿನ ಬೆಳಿಗ್ಗೆ ಮಾರುಕಟ್ಟೆಯಿಂದ ಬಟಾಣಿಯ ಎಳೆ ಕುಡಿಗಳ ದೊಡ್ಡ ಕಟ್ಟು ಬಂತು. ನೈನೈ ಸೊಪ್ಪು ಸೋಸಲು ಕೂತರು. ನಾನು ಎದುರಿಗೆ ಕೂತು ಸುಮ್ಮನೆ ನೋಡಿದೆ. ಅರ್ಧ ಮುಗಿದ ಮೇಲೆ ಅವರು ತಲೆ ಎತ್ತದೆಯೇ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. ಅಂದಿನಿಂದ ದಿನವೂ ಬೆಳಗಿನ ಸೊಪ್ಪು ನಮ್ಮಿಬ್ಬರದು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು.

ಊರು ನೋಡಿದ್ದು ಸ್ವಲ್ಪವೇ. ಸೈಬೀರಿಯಾದಿಂದ ಬರುವ ಕಡಲಹಕ್ಕಿಗಳು 1985ರಿಂದ ಪ್ರತಿ ಚಳಿಗಾಲ ಕುನ್ಮಿಂಗ್‌ನ ಕೆರೆಗಳಿಗೆ ಇಳಿಯುತ್ತವೆ. ನಗರದ ನಡುವಿನ ಛ್ವೇಹು ಕೆರೆಯ ದಂಡೆಯಲ್ಲಿ ನೈನೈ ಬ್ರೆಡ್ಡಿನ ತುಣುಕನ್ನು ಕೈಯೆತ್ತಿ ಹಿಡಿದು ನಿಂತರು, ಹಕ್ಕಿಗಳು ಹಾರುತ್ತಲೇ ಕಚ್ಚಿಕೊಂಡು ಹೋದವು. ಯಜಮಾನರು ಉತ್ತರ ನಿಲ್ದಾಣದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಒಂದು ಇಡೀ ದಿನ ಕಳೆದರು. ವಿಯೆಟ್ನಾಂನಿಂದ ಫ್ರೆಂಚರು ಹಾಕಿ 1910ರಲ್ಲಿ ಕುನ್ಮಿಂಗ್ ಮುಟ್ಟಿಸಿದ ಆ ಹಳೆಯ ಮಾರ್ಗವೂ ಮೀಟರ್ ಗೇಜೇ.

ಮೈಸೂರಿನಲ್ಲಿದ್ದಾಗ ಆ ಹುಡುಗಿ ದಿನವೂ ಬಿಸಿನೀರು ಕೇಳುತ್ತಿದ್ದಳು. ಗಂಟಲಿಗೆ ತೊಂದರೆಯಿರಬೇಕು ಎಂದುಕೊಂಡು ನಾನು ಶುಂಠಿ ಕಷಾಯ ಮಾಡಿಕೊಡುತ್ತಿದ್ದೆ. ಅಲ್ಲಿ ಹೋದ ಮೇಲೆ ತಿಳಿಯಿತು, ಅವರು ಕುಡಿಯುವ ನೀರೇ ಅದು, ಬೇಸಿಗೆಯಲ್ಲೂ. ಬೆಳಿಗ್ಗೆ ತುಂಬಿಸಿಟ್ಟ ಫ್ಲಾಸ್ಕ್ ಆ ಮನೆಯಲ್ಲಿ ನಮ್ಮ ಕುಡಿಯುವ ನೀರಿನ ಬಿಂದಿಗೆ ಇದ್ದ ಹಾಗೆ.

2025ರ ಜುಲೈನಲ್ಲಿ ಭಾರತ ಚೀನೀಯರಿಗೆ ಪ್ರವಾಸಿ ವೀಸಾ ಕೊಡುವುದನ್ನು ಮತ್ತೆ ಆರಂಭಿಸಿತು. ಅಕ್ಟೋಬರ್‌ನಲ್ಲಿ ಕೋಲ್ಕತ್ತದಿಂದ ಗುವಾಂಗ್‌ಝೌಗೆ ನೇರ ವಿಮಾನವೂ ಬಂತು. ಈ ಸಲ ಅವರು ನೈನೈಯನ್ನೂ ಕರೆತರುತ್ತಾರೆ. ಪಾಸ್‌ಪೋರ್ಟಿನ ಪ್ರತಿಗಳನ್ನು ಮುಂಚೆಯೇ ತರಿಸಿಕೊಂಡು ಆ ನೋಂದಣಿ ಫಾರ್ಮ್‌ಗೆ ಬೇಕಾದ ವಿವರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಕೆಳಗಿನ ಕೋಣೆಯನ್ನು ಖಾಲಿ ಮಾಡಿಸಿದ್ದೇವೆ, ನೈನೈಗೆ ಮೆಟ್ಟಿಲು ಹತ್ತುವುದು ಬೇಡ. ದೇವರಾಜ ಮಾರುಕಟ್ಟೆಯಲ್ಲಿ ಎರಡು ಲೀಟರಿನ ಫ್ಲಾಸ್ಕ್ ಕೊಂಡೆ. ಜಗುಲಿಯಲ್ಲಿ ಇಬ್ಬರು ಎದುರುಬದುರು ಕೂತು ಸೊಪ್ಪು ಸೋಸಲು ಎರಡು ಮಣೆಗಳನ್ನೂ ತೊಳೆದಿಟ್ಟಿದ್ದೇನೆ.