ಒಂದೇ ಆಕ್ಸೆಸ್ ಅಪ್ಲಿಕೇಶನ್‌ಗೆ ಡೆಸ್ಕ್‌ಟಾಪ್‌ನಲ್ಲಿ ಎರಡು ಶಾರ್ಟ್‌ಕಟ್: ಪತ್ತೆ ಹಚ್ಚುವ ಮತ್ತು ಸರಿಪಡಿಸುವ ವಿಧಾನ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನಲ್ಲಿ ಸಿದ್ಧಪಡಿಸಿದ ಅಪ್ಲಿಕೇಶನ್ ಅನ್ನು ಹಲವರು ಏಕಕಾಲದಲ್ಲಿ ಬಳಸಬೇಕಾದಾಗ ಅದನ್ನು ಎರಡು ಫೈಲುಗಳಾಗಿ ಒಡೆಯುವುದು ರೂಢಿ. ಟೇಬಲ್‌ಗಳಿರುವ ಬ್ಯಾಕ್ ಎಂಡ್ ಫೈಲು ಸರ್ವರ್‌ನ ಶೇರ್ ಫೋಲ್ಡರ್‌ನಲ್ಲಿರುತ್ತದೆ. ಫಾರಂ, ರಿಪೋರ್ಟ್, ಕ್ವೆರಿಗಳಿರುವ ಫ್ರಂಟ್ ಎಂಡ್ ಫೈಲಿನ ಪ್ರತ್ಯೇಕ ನಕಲು ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿರುತ್ತದೆ. ಈ ನಕಲನ್ನು ತೆರೆಯಲು ಡೆಸ್ಕ್‌ಟಾಪ್ ಮೇಲೆ ಇಡುವ ಶಾರ್ಟ್‌ಕಟ್ ಕೆಲವೊಮ್ಮೆ ಎರಡಾಗಿ, ಮೂರಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಕೇವಲ ಅಂದಗೆಡುವ ವಿಷಯವೆಂದು ಬಿಟ್ಟುಬಿಡಬಾರದು. ನಾನು ನೋಡಿಕೊಳ್ಳುತ್ತಿದ್ದ ಒಂದು ದಾಸ್ತಾನು ಅಪ್ಲಿಕೇಶನ್‌ಗೆ ಬ್ಯಾಚ್ ನಂಬರಿನ ಕಾಲಂ ಸೇರಿಸಿ ಹೊಸ ಆವೃತ್ತಿ ಹಂಚಿ ವಾರ ಕಳೆದರೂ ಒಬ್ಬ ಸಿಬ್ಬಂದಿಯ ನಮೂದುಗಳಲ್ಲಿ ಆ ಕಾಲಂ ಖಾಲಿಯಾಗಿಯೇ ಬರುತ್ತಿತ್ತು. ಅವರ ಮೇಜಿನ ಬಳಿ ಹೋಗಿ ನೋಡಿದಾಗ ಒಂದೇ ಹೆಸರಿನ, ಒಂದೇ ಚಿತ್ರದ ಎರಡು ಐಕಾನ್‌ಗಳಿದ್ದವು. ಅವರು ರೂಢಿಯಂತೆ ಮೇಲಿನದನ್ನೇ ಒತ್ತುತ್ತಿದ್ದರು. ಅದು ಹಳೆಯ ಫ್ರಂಟ್ ಎಂಡ್ ಅನ್ನು ತೆರೆಯುತ್ತಿತ್ತು.

ಆದ್ದರಿಂದ ಮೊದಲ ಕೆಲಸ ಅಳಿಸುವುದಲ್ಲ, ಓದುವುದು. ಪ್ರತಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಜನರಲ್ ಟ್ಯಾಬ್‌ನಲ್ಲಿರುವ ಲೊಕೇಶನ್ ಆ ಐಕಾನ್ ಯಾವ ಫೋಲ್ಡರ್‌ನಲ್ಲಿದೆ ಎಂಬುದನ್ನೂ, ಶಾರ್ಟ್‌ಕಟ್ ಟ್ಯಾಬ್‌ನಲ್ಲಿರುವ ಟಾರ್ಗೆಟ್ ಅದು ಯಾವ ಫೈಲನ್ನು ತೆರೆಯುತ್ತದೆ ಎಂಬುದನ್ನೂ ಹೇಳುತ್ತವೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಶಾರ್ಟ್‌ಕಟ್ ಟ್ಯಾಬ್ ಕಾಣಿಸದಿದ್ದರೆ, ಐಕಾನ್‌ನ ಮೂಲೆಯಲ್ಲಿ ಸಣ್ಣ ಬಾಣದ ಗುರುತೂ ಇಲ್ಲದಿದ್ದರೆ, ಅದು ಶಾರ್ಟ್‌ಕಟ್ ಅಲ್ಲ. ಯಾರೋ ಫ್ರಂಟ್ ಎಂಡ್ ಫೈಲನ್ನೇ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿದ್ದಾರೆ. ವಿಂಡೋಸ್ ಸಾಮಾನ್ಯವಾಗಿ ಫೈಲ್ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯಲ್ಲಿ ಫೈಲಿನ ಬಗೆ ಹೇಳುವ ಭಾಗ) ತೋರಿಸದ ಕಾರಣ ಎರಡರ ಹೆಸರೂ ಒಂದೇ ಆಗಿ ಕಾಣುತ್ತದೆ. ಈ ನಕಲು ತನ್ನಷ್ಟಕ್ಕೆ ಎಂದೂ ಹೊಸದಾಗುವುದಿಲ್ಲವಾದ್ದರಿಂದ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದೂ ಇದೇ.

ಐಕಾನ್ ಎರಡಾಗಲು ಅತಿ ಸಾಮಾನ್ಯ ಕಾರಣವೆಂದರೆ, ನಾವು ಒಂದೆಂದು ಕಾಣುವ ಡೆಸ್ಕ್‌ಟಾಪ್ ವಾಸ್ತವವಾಗಿ ಎರಡು ಫೋಲ್ಡರ್‌ಗಳ ಕೂಡಿಕೆಯಾಗಿರುವುದು. ಒಂದು ಆಯಾ ಬಳಕೆದಾರರದು. ಇನ್ನೊಂದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನೊಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ ಮರೆಯಾಗಿರುವ, ಆ ಕಂಪ್ಯೂಟರಿನ ಎಲ್ಲರಿಗೂ ಸೇರಿದ ಪಬ್ಲಿಕ್ ಡೆಸ್ಕ್‌ಟಾಪ್. ಇನ್‌ಸ್ಟಾಲರ್ ಒಂದರಲ್ಲಿ, ಲಾಗಿನ್ ಸ್ಕ್ರಿಪ್ಟ್ (ಲಾಗಿನ್ ಆದಾಗ ತಾನಾಗಿ ಓಡುವ ಆದೇಶಗಳ ಫೈಲು) ಇನ್ನೊಂದರಲ್ಲಿ ಶಾರ್ಟ್‌ಕಟ್ ಇಟ್ಟರೆ ಎರಡೂ ಒಟ್ಟಿಗೆ ಕಾಣುತ್ತವೆ. ಸಾಮಾನ್ಯ ಬಳಕೆದಾರರ ಖಾತೆಯಲ್ಲಿ ಐಕಾನ್ ಅಳಿಸಲು ಹೋದಾಗ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದರೆ ಅದು ಪಬ್ಲಿಕ್ ಡೆಸ್ಕ್‌ಟಾಪ್‌ನದು ಎಂದು ತಿಳಿಯಬಹುದು.

ಅಳಿಸಿದ ಐಕಾನ್ ಮರುದಿನ ಮತ್ತೆ ಬಂದರೆ ಗ್ರೂಪ್ ಪಾಲಿಸಿಯನ್ನು (ಸಂಸ್ಥೆಯ ಕಂಪ್ಯೂಟರ್‌ಗಳ ಸೆಟ್ಟಿಂಗ್‌ಗಳನ್ನು ಒಂದೇ ಕಡೆಯಿಂದ ನಿಗದಿಪಡಿಸುವ ವಿಂಡೋಸ್ ವ್ಯವಸ್ಥೆ) ನೋಡಬೇಕು. ಅದರ ಪ್ರಿಫರೆನ್ಸಸ್‌ನಲ್ಲಿ ಶಾರ್ಟ್‌ಕಟ್‌ಗೆ ಕ್ರಿಯೇಟ್, ರಿಪ್ಲೇಸ್, ಅಪ್‌ಡೇಟ್, ಡಿಲೀಟ್ ಎಂಬ ನಾಲ್ಕು ಕ್ರಮಗಳಿವೆ. ಇವು ಶಾರ್ಟ್‌ಕಟ್ಟನ್ನು ಹೆಸರಿನಿಂದ ಗುರುತಿಸುತ್ತವೆ. ನೀವು ಆವೃತ್ತಿಯ ಸಂಖ್ಯೆ ಸೇರಿಸಿ ಹೆಸರು ಬದಲಿಸಿದರೆ, ಅಪ್‌ಡೇಟ್ ಇರಲಿ ರಿಪ್ಲೇಸ್ ಇರಲಿ, ಹಳೆಯ ಹೆಸರಿನದು ಉಳಿದುಕೊಂಡು ಹೊಸದು ಪಕ್ಕದಲ್ಲಿ ಬಂದು ಕೂರುತ್ತದೆ. ಶಾರ್ಟ್‌ಕಟ್‌ನ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗಾಗಲೇ ಹಾಗೆ ಮಾಡಿದ್ದರೆ, ಹಳೆಯ ಹೆಸರಿಗೆ ಡಿಲೀಟ್ ಕ್ರಮದ ಪ್ರತ್ಯೇಕ ನಮೂದು ಸೇರಿಸಿ. ರಿಪ್ಲೇಸ್ ಕ್ರಮವು ಪಾಲಿಸಿ ಮತ್ತೆ ಅನ್ವಯವಾದಾಗಲೆಲ್ಲ ಶಾರ್ಟ್‌ಕಟ್ಟನ್ನು ಅಳಿಸಿ ಮತ್ತೆ ರಚಿಸುವುದರಿಂದ, ವಿಶೇಷ ಕಾರಣವಿಲ್ಲದಿದ್ದರೆ ಅಪ್‌ಡೇಟ್ ಮೇಲು.

ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನ ಬ್ಯಾಕಪ್ ಇರುವ ಕಡೆ ಇನ್ನೊಂದು ತೊಡಕಿದೆ. ಬ್ಯಾಕಪ್ ಚಾಲನೆಯಾದಾಗ ಬಳಕೆದಾರರ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್‌ನೊಳಗೆ ಹೋಗುತ್ತದೆ. ಒಬ್ಬರೇ ಎರಡು ಕಂಪ್ಯೂಟರ್ ಬಳಸುತ್ತಿದ್ದರೆ ಒಂದರ ಶಾರ್ಟ್‌ಕಟ್ ಇನ್ನೊಂದಕ್ಕೂ ಬರುತ್ತದೆ. ಒಂದೇ ಹೆಸರಿನ ಎರಡು ಫೈಲುಗಳು ಹೊಂದಿಕೆಯಾಗದಿದ್ದಾಗ ಒಂದರ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಅಂಟಿಕೊಂಡಿರುತ್ತದೆ. ಹಳೆಯ ಬ್ಯಾಚ್ ಫೈಲು (ಸಾಲಾಗಿ ಆದೇಶಗಳನ್ನು ಬರೆದಿಟ್ಟ ಫೈಲು), ಡೆಸ್ಕ್‌ಟಾಪ್ ಇನ್ನೂ ಮೊದಲಿನ ಜಾಗದಲ್ಲಿಯೇ ಇದೆಯೆಂದು ಭಾವಿಸಿ ಅಲ್ಲಿಗೆ ಕಾಪಿ ಮಾಡಿದರೆ ಐಕಾನ್ ಯಾರಿಗೂ ಕಾಣುವುದಿಲ್ಲ, ಆಗ ಯಾರಾದರೂ ಕೈಯಾರೆ ಇನ್ನೊಂದನ್ನು ಮಾಡಿಬಿಡುತ್ತಾರೆ. ಸ್ಕ್ರಿಪ್ಟ್‌ನಲ್ಲಿ ಪಾತ್ (ಫೋಲ್ಡರ್‌ನ ವಿಳಾಸ) ಅನ್ನು ನೇರವಾಗಿ ಬರೆಯದೆ, ಡೆಸ್ಕ್‌ಟಾಪ್ ಎಲ್ಲಿದೆಯೆಂದು ವಿಂಡೋಸ್ ಅನ್ನೇ ಕೇಳುವಂತೆ ಬರೆಯಿರಿ. ಪವರ್‌ಶೆಲ್, ವಿಬಿ ಸ್ಕ್ರಿಪ್ಟ್ ಎಂಬ ಎರಡೂ ಸ್ಕ್ರಿಪ್ಟ್ ಭಾಷೆಗಳಲ್ಲಿ ಅದಕ್ಕೆ ಅವಕಾಶವಿದೆ.

ಕಾರಣ ಸಿಕ್ಕ ಮೇಲೆ ಶಾರ್ಟ್‌ಕಟ್‌ಗೆ ಒಂದೇ ಜಾಗ, ಅದನ್ನು ಇಡಲು ಒಂದೇ ದಾರಿ ನಿಗದಿಪಡಿಸಿ. ನಾನು ಪಬ್ಲಿಕ್ ಡೆಸ್ಕ್‌ಟಾಪ್ ಅನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಒನ್‌ಡ್ರೈವ್ ಅದನ್ನು ಮುಟ್ಟುವುದಿಲ್ಲ ಮತ್ತು ಬಳಕೆದಾರರು ಅದರ ಹೆಸರನ್ನು ಸುಲಭವಾಗಿ ಬದಲಿಸಲಾಗುವುದಿಲ್ಲ. ಅಲ್ಲಿಗೆ ಬರೆಯಲು ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕಾಗುವುದರಿಂದ ಬಳಕೆದಾರರ ಲಾಗಿನ್ ಸ್ಕ್ರಿಪ್ಟ್ ಸಾಲದು. ಗ್ರೂಪ್ ಪಾಲಿಸಿಯ ಕಂಪ್ಯೂಟರ್ ಭಾಗದಿಂದ ಕಳುಹಿಸಬೇಕು. ಟಾರ್ಗೆಟ್ ಆಗಿ ಫ್ರಂಟ್ ಎಂಡ್ ಫೈಲನ್ನು ಕೊಡಬೇಡಿ. ಸರ್ವರ್‌ನಲ್ಲಿ ಸಣ್ಣ ಬ್ಯಾಚ್ ಫೈಲೊಂದನ್ನಿಟ್ಟು, ಅದು ಹೊಸ ಫ್ರಂಟ್ ಎಂಡ್ ಅನ್ನು ಬಳಕೆದಾರರ ಲೋಕಲ್ ಫೋಲ್ಡರ್‌ಗೆ ಕಾಪಿ ಮಾಡಿ ನಂತರ ತೆರೆಯುವಂತೆ ಮಾಡಿದರೆ, ಆವೃತ್ತಿ ಎಷ್ಟು ಬಾರಿ ಬದಲಾದರೂ ಶಾರ್ಟ್‌ಕಟ್ಟನ್ನು ಮುಟ್ಟಬೇಕಾಗಿಲ್ಲ.

ಹಳೆಯವನ್ನು ತೆಗೆಯುವಾಗ ಹೆಸರನ್ನು ನಂಬದೆ ಟಾರ್ಗೆಟ್ ನೋಡಿ ತೆಗೆಯಿರಿ. ಬಳಕೆದಾರರು ತಮಗೆ ಬೇಕಾದ ಹೆಸರಿಟ್ಟುಕೊಂಡಿರುತ್ತಾರೆ. ಡೆಸ್ಕ್‌ಟಾಪ್ ಮೇಲಿರುವ ಫ್ರಂಟ್ ಎಂಡ್ ನಕಲನ್ನು ಮಾತ್ರ ಒಮ್ಮೆಗೇ ಅಳಿಸಬೇಡಿ. ಅದರಲ್ಲಿ ಅವರು ಸ್ವಂತಕ್ಕೆ ಮಾಡಿಕೊಂಡ ಕ್ವೆರಿ ಅಥವಾ ಲೋಕಲ್ ಟೇಬಲ್ ಇರಬಹುದು. ಬೇರೆ ಫೋಲ್ಡರ್‌ಗೆ ಸರಿಸಿ, ಅವರನ್ನು ಕೇಳಿ, ಆಮೇಲೆ ತೆಗೆಯಿರಿ. ಟಾಸ್ಕ್‌ಬಾರ್‌ಗೆ ಪಿನ್ ಮಾಡಿದ್ದನ್ನೂ ಮರೆಯಬಾರದು, ಡೆಸ್ಕ್‌ಟಾಪ್ ಸ್ವಚ್ಛವಾದರೂ ಅದು ಹಾಗೆಯೇ ಉಳಿದಿರುತ್ತದೆ.

ಇಷ್ಟಾದರೂ ಎಲ್ಲೋ ಒಂದು ಹಳೆಯ ಐಕಾನ್ ಉಳಿಯುವ ಸಾಧ್ಯತೆ ಇದ್ದೇ ಇದೆ. ಅದಕ್ಕಾಗಿ ಬ್ಯಾಕ್ ಎಂಡ್‌ನಲ್ಲಿ ಚಾಲ್ತಿ ಆವೃತ್ತಿಯ ಸಂಖ್ಯೆಯಿರುವ ಒಂದು ಸಣ್ಣ ಟೇಬಲ್ ಇಡಿ. ಮುಂದೆ ಹಂಚುವ ಪ್ರತಿ ಫ್ರಂಟ್ ಎಂಡ್ ತೆರೆದುಕೊಳ್ಳುವಾಗ ತನ್ನ ಸಂಖ್ಯೆಯನ್ನು ಅದರೊಂದಿಗೆ ಹೋಲಿಸಿ, ಹೊಂದದಿದ್ದರೆ ಸರಿಯಾದ ಐಕಾನ್ ಬಳಸುವಂತೆ ಸಂದೇಶ ತೋರಿಸಿ ಮುಚ್ಚಿಕೊಳ್ಳಲಿ. ಕೊನೆಯದಾಗಿ, ಹಿಂದೆಂದೂ ಆ ಕಂಪ್ಯೂಟರ್ ಬಳಸದ ಒಂದು ಖಾತೆಯಿಂದಲೂ ಹಳೆಯ ಬಳಕೆದಾರರೊಬ್ಬರ ಖಾತೆಯಿಂದಲೂ ಲಾಗಿನ್ ಆಗಿ, ಎರಡು ಕಡೆಯೂ ಒಂದೇ ಐಕಾನ್ ಇದೆಯೇ ಎಂದು ನೋಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಬಳಿಕ ಇನ್ನೊಮ್ಮೆ ನೋಡಿ.